ಅಜ್ಜಿಯ ಮಷಿನ್ನಿಗೆ ಸಾಲದ ವೋಲ್ಟೇಜು

ನಂಜನಗೂಡಿನ ತರಬೇತಿ ಕೇಂದ್ರವೊಂದರಲ್ಲಿ ನಾನು ಕರೆಂಟಿನ ಅಳತೆ ಕಲಿಯುತ್ತಿದ್ದೆ. ವೋಲ್ಟೇಜು, ಆಂಪಿಯರು, ಪವರ್ ಫ್ಯಾಕ್ಟರು, ಎಲ್ಲಕ್ಕೂ ಎಲೆಕ್ಟ್ರಾನಿಕ್ ಮೀಟರು. "ಅಳತೆ ಮಾಡ್ದೆ ಬಾಯಿ ಬಿಡ್ಬೇಡಿ" ಎನ್ನುತ್ತಿದ್ದರು ಮೇಷ್ಟ್ರು. ಅಳತೆ ಮಾಡಿ ಬಾಯಿ ಬಿಟ್ಟರೆ ಊರೇ ಕೇಳುತ್ತದೆ ಅಂತ ನಂಬಿದ್ದೆ, ಬುದ್ಧಿಗೇಡಿ!

ನಮ್ಮೂರು ಟಿ. ನರಸೀಪುರದ ಹತ್ತಿರ, ಸೋಸಲೆ ಕಡೆ. ಅಜ್ಜಿಗೆ ಉಬ್ಬಸ. ಡಾಕ್ಟರು ಹೇಳಿ ನೆಬ್ಯುಲೈಜರ್ ತರಿಸಿದ್ದರು; ಔಷಧಿಯನ್ನು ಹೊಗೆ ಮಾಡಿ ಮೂಗಿಗೆ ಬಿಡುವ ಪುಟ್ಟ ಮಷಿನ್ನು. ಸಂಜೆಯಾದರೆ ಅದು ಗೊರ್ ಅಂದು ಸುಮ್ಮನಾಗುತ್ತಿತ್ತು. ಮೀಟರ್ ಇಟ್ಟು ನೋಡಿದೆ. ಇನ್ನೂರ ಮೂವತ್ತು ಇರಬೇಕಾದ ವೋಲ್ಟೇಜು ನೂರ ನಲವತ್ತು. ಸ್ಟೆಬಿಲೈಜರೂ ಕೈಚೆಲ್ಲಿತ್ತು.

ಕಾರಣವೇನೂ ಗುಟ್ಟಲ್ಲ. ಸಂಜೆ ಮನೆದೀಪಕ್ಕೆಂದು ಬಿಡುವ ಸಿಂಗಲ್ ಫೇಸ್ ಕರೆಂಟಿಗೇ ಕಂಡೆನ್ಸರ್ ಸೇರಿಸಿ ಊರವರೆಲ್ಲ ಮೂರು ಫೇಸು ಬೇಡುವ ಗದ್ದೆಯ ಪಂಪು ಓಡಿಸುತ್ತಿದ್ದರು. ಮನೆಗಳಿಗೆ ಉಳಿಯುತ್ತಿದ್ದದ್ದು ಅಷ್ಟೇ. ಕರೆಂಟ್ ಆಫೀಸಿನಲ್ಲಿ ಕೇಳಿದರೆ "ಮೊದ್ಲು ನಿಮ್ಮೂರ್ನೋರ ಕಂಡೆನ್ಸರ್ ಕಿತ್ತಾಕ್ಸಮ್ಮ" ಎಂದರು.

ಮೀಟರ್ ಹಿಡಿದು ಪಕ್ಕದ ಗದ್ದೆಯ ದೊಡ್ಡಪ್ಪನ ಹತ್ತಿರ ಹೋದೆ.

"ನಂದೊಂದ್ ನಿಲ್ಸುದ್ರೆ ನಿಮ್ಮಜ್ಜಿಗ್ ಉಸ್ರು ಬಂದ್ಬುಡ್ತದಾ ಅವ್ವಾ? ಓಗು, ಮೊದ್ಲು ನಿಮ್ಮಪ್ಪುಂದ್ ನಿಲ್ಸು."

ಮೈಯೆಲ್ಲ ಉರಿಯಿತು. ಅದೇ ಸಿಟ್ಟಿನಲ್ಲಿ ಅಪ್ಪನ ಪಂಪು ನಿಲ್ಲಿಸಿ, ಮನೆಗೆ ಬಂದು ನೋಡಿದರೆ ನೂರ ನಲವತ್ತೆರಡು. ಎರಡೇ ಎರಡು! ಅಪ್ಪ ಹಿಂದೆಯೇ ಬಂದ. "ಪೈರು ಒಣಗೋಯ್ತದೆ ಕಣವ್ವ. ಅಗಲೊತ್ತು ಸರ್ಯಾಗ್ ಕರೆಂಟೇ ಕೊಡಾಕಿಲ್ಲ, ನಾನೇನ್ ಮಾಡ್ಲಿ?" ಎಂದವನು ವಾಪಸು ಹೋಗಿ ಪಂಪು ಹಾಕಿದ. ನಾನು ಉಣ್ಣುತ್ತಿದ್ದದ್ದೂ ಅದೇ ಗದ್ದೆಯ ಅನ್ನ.

ಚಳಿಗಾಲದ ಒಂದು ಸಂಜೆ ಅಜ್ಜಿಗೆ ಉಸಿರು ಕಟ್ಟಿತು. ಅಪ್ಪ ಆಟೋ ತರಲು ಓಡಿದ. ನಾನು ಔಷಧಿ ಸುರಿದು, ಮಾಸ್ಕು ಹಾಕಿ, ಸ್ವಿಚ್ ಒತ್ತಿದೆ. ಗೊರ್ ಅಂತು, ಹೊಗೆ ಬರಲಿಲ್ಲ. ಆಗಲಾದರೂ ಏನು ಮಾಡಿದೆ? ಪೆದ್ದಿಯ ಹಾಗೆ ಮತ್ತೆ ಮೀಟರ್ ಚುಚ್ಚಿ ನೋಡುತ್ತಾ ಕೂತೆ. ಅಜ್ಜಿ ಮಾಸ್ಕು ತಾನೇ ಕಿತ್ತು ಪಕ್ಕಕ್ಕಿಟ್ಟಳು.

"ಅದ್ನೇನ್ ನೋಡೀಯೆ, ಬುಡು. ನನ್ ಕೈ ಇಡ್ಕೊ ಮಗ."

ಹಿಡಿದುಕೊಂಡೆ. ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಯಾರ ಮನೆಯಲ್ಲಿ ಸಾವಾದರೂ ನಮ್ಮೂರಲ್ಲಿ ಹೆಣ ಎತ್ತುವವರೆಗೆ ಯಾರೂ ಗದ್ದೆ ಕೆಲಸ ಮಾಡುವುದಿಲ್ಲ. ಸುದ್ದಿ ತಿಳಿದದ್ದೇ ಒಬ್ಬೊಬ್ಬರಾಗಿ ಪಂಪು ನಿಲ್ಲಿಸಿ ಬಂದರು. ಎಲ್ಲರಿಗಿಂತ ಮುಂಚೆ ಬಂದವನು ದೊಡ್ಡಪ್ಪ, ಅಳುತ್ತಲೇ ಬಂದ. ಸ್ವಿಚ್ ಆರಿಸುವುದು ನನಗೆ ಮರೆತೇ ಹೋಗಿತ್ತು. ಅಷ್ಟು ಜನರ ಅಳುವಿನ ನಡುವೆ ಮಷಿನ್ನು ತಾನಾಗಿ ಓಡತೊಡಗಿತು. ಅಜ್ಜಿಯ ಪಕ್ಕದಲ್ಲಿ ಬಿದ್ದಿದ್ದ ಮಾಸ್ಕಿನಿಂದ ಹೊಗೆ ಚೆನ್ನಾಗಿ ಬರುತ್ತಿತ್ತು.