ಅಮಾತೆಪ್ಪ ರಿಬ್ಬನ್ ಕಟ್ಟಿದ ಹಾದಿ

ಅಮಾತೆಪ್ಪನ ಬಗ್ಗೆ ಒಳ್ಳೆಯದು ಬರೆಯಬೇಕೆಂದರೆ ನನ್ನ ಹತ್ತಿರ ಒಂದೇ ಮಾತಿದೆ. ಅವನು ಲಂಚ ಮುಟ್ಟಿದವನಲ್ಲ. ಉಳಿದದ್ದೆಲ್ಲ ಬೇರೆ ಬಗೆಯದು.

ಅವನು ಹುಟ್ಟಿದ್ದು ಭೀಮರಾಯನಗುಡಿ ಕ್ಯಾಂಪಿನಲ್ಲಿ. ಅಪ್ಪ ಕಾಲುವೆಯ ಗೇಟು ತಿರುಗಿಸುವವನು. ಕಾಲುವೆ ದಂಡೆಯ ನೆಟ್ಟನೆ ರಸ್ತೆಯ ಮೇಲೆ ಬೆಳೆದ ಈ ಮನುಷ್ಯನನ್ನು ಅರಣ್ಯ ಇಲಾಖೆಯವರು ತಂದು, ಸುರಪುರದ ಕಡೆಯ ನಮ್ಮ ಕಲ್ಲುಗುಡ್ಡ ಕಾಯಲು ಇಟ್ಟರು. ಗುಡ್ಡದ ಸುತ್ತ ತಂತಿ ಬೇಲಿ ಎಳೆದು, ಇದು ಕರಡಿ ನವಿಲುಗಳ ಕಾಡು, ಯಾರೂ ಒಳಗೆ ಬರಬಾರದು ಎಂದು ಬೋರ್ಡು ನಿಲ್ಲಿಸಿದ ವರ್ಷವೇ ಅವನು ಬಂದ. ಹದಿನಾಲ್ಕು ವರ್ಷವಾಯಿತು. ದಿನಗೂಲಿಯ ಕಾವಲುಗಾರ. ಬೇಲಿಯ ಗೇಟಿನ ಪಕ್ಕ ತಗಡಿನ ಗುಡಿಸಲು. ಗುಡ್ಡದ ಎರಡನೆಯ ತಿರುವಿನ ತನಕ ಅವನು ಹತ್ತಿದ್ದನ್ನು ನೋಡಿದ್ದೇನೆ, ಅದರಾಚೆ ನೋಡಿರಲಿಲ್ಲ. ಮೊಣಕಾಲು ನೋವು ಎನ್ನುತ್ತಿದ್ದ.

ನಮ್ಮ ಓಣಿಯ ಹೆಂಗಸರು ನಮ್ಮ ಅತ್ತೆಯಂದಿರ ಕಾಲದಿಂದ ಆ ಗುಡ್ಡದ ಸೀತಾಫಲ ಕಿತ್ತು ಸುರಪುರದ ಪೇಟೆಯಲ್ಲಿ ಮಾರಿದವರು. ಬೇಲಿ ಬಂದ ಮೊದಲ ವರ್ಷ ಅವನು ಪಕ್ಕದ ಮನೆಯ ರಾಬಿಯಾಳನ್ನು ಗೇಟಿನಲ್ಲಿ ಹಿಡಿದ. ಬುಟ್ಟಿ ಬೋರಲು ಹಾಕಿ, ಹಣ್ಣನ್ನು ಒಂದೊಂದಾಗಿ ಚಪ್ಪಲಿಯಿಂದ ತುಳಿದ. ಸಿಟ್ಟಿಲ್ಲ, ಅವಸರವಿಲ್ಲ. ಒಂದನ್ನೂ ಬಿಡಲಿಲ್ಲ.

"ಕರಡಿ ತಿಂದ್ರ ನಡೀತದ, ನನ್ನ ಮಕ್ಕಳು ತಿಂದ್ರ ಕಳವು ಏನಪ್ಪ?" ಎಂದಳು ರಾಬಿಯಾ.

"ಕರಡಿಗಿ ಪರ್ಮಿಶನ್ ಅದ. ನಿನಗಿಲ್ಲ."

ಅಂದಿನಿಂದ ನಾವು ಗೇಟು ಬಿಟ್ಟೆವು. ನಮ್ಮ ಮನೆಗಳ ಹಿತ್ತಲಿಗೆ ತಾಗಿದಂತೆ ಎರಡು ಬಂಡೆಗಳಿವೆ. ಅವುಗಳ ನಡುವೆ ತಂತಿ ಎತ್ತಿದರೆ ಒಬ್ಬರು ಬಗ್ಗಿ ನುಸುಳುವಷ್ಟು ಕಂಡಿ. ಅಲ್ಲಿಂದ ಬಂಡೆಗಳ ಮರೆಯಲ್ಲೇ ಹತ್ತಿ ಹಣ್ಣಿನ ತಗ್ಗಿಗೆ ಹೋಗಿ, ಅದೇ ಹಾದಿಯಲ್ಲಿ ಇಳಿಯುತ್ತಿದ್ದೆವು. ಅವನ ಗುಡಿಸಲಿಗೆ ಈ ಹಾದಿ ಕಾಣುವುದಿಲ್ಲ. ಕಾಣಬಾರದೆಂದೇ ಆದ ಹಾದಿ. ಹೊರೆ ಹೊತ್ತ ಕಾಲುಗಳು ತುಳಿದು ತುಳಿದು ಅದು ಸಾರಿಸಿದ ನೆಲದಂತೆ ನುಣುಪಾಗಿತ್ತು. ಇಲಾಖೆಯ ಸಾಹೇಬರು ವರ್ಷಕ್ಕೊಮ್ಮೆ ಜೀಪಿನಲ್ಲಿ ಬಂದು ಬೇಲಿ ಹೇಗಿದೆ ಎಂದು ಕೇಳುತ್ತಿದ್ದರು. "ಸೂಜಿ ತೂರಂಗಿಲ್ಲ ಸಾಹೇಬ್ರ," ಎನ್ನುತ್ತಿದ್ದ ಅಮಾತೆಪ್ಪ.

ಹೋದ ವರ್ಷ ಕಾರ್ತಿಕದಲ್ಲಿ ಇಲಾಖೆಯವರು ಗುಡ್ಡ ಹತ್ತುವ ಓಟ ಇಟ್ಟರು, ಗೇಟಿನಿಂದ ಹೊರಟು ಗೇಟಿಗೇ ಮರಳಬೇಕು. ಬೋರ್ಡು ಇದ್ದಲ್ಲೇ ಇತ್ತು, ಅದಕ್ಕೆ ಬ್ಯಾನರು ಕಟ್ಟಿ ಮುಚ್ಚಿದರು. ಹತ್ತುವ ಹಾದಿ ಒಂದು, ಇಳಿಯುವ ಹಾದಿ ಇನ್ನೊಂದು ಇರಬೇಕು, ಕೆಂಪು ರಿಬ್ಬನ್ ಕಟ್ಟಿ ತೋರಿಸು ಎಂದು ಅಮಾತೆಪ್ಪನಿಗೆ ಹುಕುಂ ಆಯಿತು. ಹತ್ತುವುದು ಸರಳ. ತುದಿಯಲ್ಲಿ ಧ್ವಜದ ಕಂಬವಿದೆ, ಗೇಟಿನಿಂದಲೇ ಕಾಣುತ್ತದೆ. ಇಳಿಯುವ ಹಾದಿ ಅವನಿಗೆ ಗೊತ್ತಿರಲಿಲ್ಲ. ಬೋರಿಂಗ್ ಹತ್ತಿರ ಕೊಡ ತುಂಬುತ್ತಿದ್ದ ನನ್ನನ್ನು ಕರೆದ.

"ದೇವಕ್ಕ, ಈ ಓಟ ಸುಸೂತ್ರ ಮುಗೀತಂದ್ರ ನನ್ನ ಹೆಸರು ಪರ್ಮನೆಂಟ್ ಲಿಸ್ಟಿಗಿ ಹೋಗ್ತದ. ಮುಂದ ಇಪ್ಪತ್ತು ವರ್ಷ ಇಲ್ಲೇ ನಾ."

"ಮುಗೀಲಿಲ್ಲಂದ್ರ?"

"ತೆಗದ್ ಹಾಕ್ತಾರ. ನಿಮಗ ಹಬ್ಬ." ನಕ್ಕ. "ಮ್ಯಾಲಿಂದ ಇಳ್ಯಾಕ ಎಲ್ಲಕ್ಕಿಂತ ನುಣ್ಣಗಿದ್ದ ಹಾದಿ ಯಾವ್ದು, ಹೇಳು."

ನಾನು ಕೊಡ ಕೆಳಗಿಟ್ಟೆ. ಇಪ್ಪತ್ತು ವರ್ಷ ಎಂಬುದನ್ನು ಮನಸ್ಸಿನಲ್ಲಿ ಒಮ್ಮೆ ಅಳೆದೆ. ಆಮೇಲೆ ಹೇಳಿದೆ: "ಕಂಬದಿಂದ ಹಣ್ಣಿನ ತಗ್ಗಿಗಿ ಇಳಿ. ಅಲ್ಲಿಂದ ಎಡಕ್ಕ."

ಮರುದಿನ ಅವನು ಕುಂಟುತ್ತ ಹೋಗಿ ರಿಬ್ಬನ್ ಕಟ್ಟಿದ. ಪೂರ್ತಿ ಇಳಿದಿದ್ದರೆ ಕಂಡಿಯನ್ನು ಕಾಣುತ್ತಿದ್ದ. ಇಳಿಯಲಿಲ್ಲ. ಊರಿನ ತಗಡಿನ ಸೂರುಗಳು ಕಂಡ ಕೂಡಲೇ ಕೊನೆಯ ರಿಬ್ಬನ್ ಕಟ್ಟಿ, ಬಂದ ಹಾದಿಯಲ್ಲೇ ತಿರುಗಿದ. ಕಾಲುವೆಯವನ ಮಗ, ಇಳಿಯುವುದೆಲ್ಲ ಗೇಟಿಗೇ ಬರುತ್ತದೆಂದು ನಂಬಿದ್ದ.

ಓಟದ ಭಾನುವಾರ ಹತ್ತು ಗಂಟೆಯ ತನಕ ಯಾರೂ ಹೊರಗೆ ಬರಬಾರದು ಎಂದು ಡಂಗುರ ಹೊಡೆಸಿದ್ದರು. ನಾವು ಬರಲಿಲ್ಲ. ಎಂಟಕ್ಕೆ ಹತ್ತು ನಿಮಿಷವಿರುವಾಗ, ಎದೆಗೆ ನಂಬರ್ ಅಂಟಿಸಿಕೊಂಡ ಒಬ್ಬ ತಂತಿಯ ಕೆಳಗೆ ಅಂಬೆಗಾಲಿಟ್ಟು ರಾಬಿಯಾಳ ಹಿತ್ತಲಿಗೆ ಬಂದ.

"ಫಿನಿಶ್ ಎಲ್ಲಿದೆ ಅಮ್ಮ?"

"ಎಂಥಾ ಫಿನಿಶ್? ಇದು ನಮ್ಮ ಬಚ್ಚಲ."

ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಹುಡುಗಿಯರು. ನಾನು ಕಿಟಕಿಯಲ್ಲಿ ನಿಂತು ಎಣಿಸಿದೆ, ಅರವತ್ತೆರಡು ಮಂದಿ. ಎಲ್ಲರೂ ಓಣಿ ಬಳಸಿ ಗೇಟಿಗೆ ಓಡಿದರು. ಅಲ್ಲಿ ಸಾಹೇಬರು ಹಾರ ಹಿಡಿದು ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದರಂತೆ, ಗೆದ್ದವನು ಅವರ ಬೆನ್ನ ಹಿಂದಿನಿಂದ ಬಂದನಂತೆ.

ಸಾಹೇಬರು ಅಮಾತೆಪ್ಪನನ್ನು ಕರೆದುಕೊಂಡು ನಡೆದೇ ಬಂದರು. ಬಂಡೆಗಳ ನಡುವೆ ಕುಕ್ಕರಿಸಿ ತಂತಿಯ ಮೇಲೆ ಬೆರಳಾಡಿಸಿದರು. ಸೀರೆ ಸವರಿ ಸವರಿ ತುಕ್ಕೆಲ್ಲ ಹೋಗಿ ಅದು ಹೊಳೆಯುತ್ತಿತ್ತು.

"ಇದು ಎಷ್ಟು ವರ್ಷದ್ದೋ ಅಮಾತೆಪ್ಪ?"

ಅವನು ಕಿಟಕಿಯಲ್ಲಿದ್ದ ನನ್ನ ಕಡೆ ತಿರುಗಿದ. "ನೀನೇ ಹೇಳಿದ್ದಿ."

"ನುಣ್ಣಗಿದ್ದ ಹಾದಿ ಕೇಳಿದ್ದಿ, ಹೇಳೀನಿ. ಗೇಟಿಗಿ ಬರೂ ಹಾದಿ ಕೇಳಿದ್ದಿಲ್ಲ."

ಅವನ ಹೆಸರು ಲಿಸ್ಟಿಗೆ ಹೋಗಲಿಲ್ಲ. ನಮ್ಮ ಕಂಡಿಗೂ ಐದು ಸಾಲು ಮುಳ್ಳುತಂತಿ ಬಿತ್ತು, ಅದನ್ನು ನಾನು ಮೊದಲೇ ಲೆಕ್ಕ ಹಾಕಿದ್ದೆ. ಲೆಕ್ಕ ಹಾಕದೇ ಇದ್ದದ್ದು ಇನ್ನೊಂದು. ಅವನನ್ನು ತೆಗೆಯಲಿಲ್ಲ. ಆ ಕೂಲಿಗೆ ಬೇರೆ ಯಾರು ಬರುತ್ತಾರೆ? ಕಂಡಿ ಇದ್ದಲ್ಲೇ ಕೂತು ಕಾಯಿ ಎಂದು ಗುಡಿಸಲನ್ನೇ ಕಿತ್ತು ತಂದು ಬಂಡೆಗಳ ಪಕ್ಕ ನಿಲ್ಲಿಸಿದರು. ನನ್ನ ಹಿತ್ತಲ ಬಾಗಿಲಿಗೆ ಹನ್ನೊಂದು ಹೆಜ್ಜೆ.

"ಚೇಳು ಓಡಸ್ತೀನಂತ ಹೋಗಿ ಹಾಸಿಗ್ಯಾಗ ಬಿಟ್ಕೊಂಡಿ ನೋಡು," ಎಂದಳು ರಾಬಿಯಾ. ಎರಡು ತಿಂಗಳು ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಈ ವರ್ಷದ ಹಣ್ಣು ಬಿರಿದು ಗುಡ್ಡದಲ್ಲೇ ಉದುರುತ್ತಿದೆ. ಅವನು ಬೆಳಗಿನಿಂದ ಸಂಜೆಯ ತನಕ ನನ್ನ ಬಾಗಿಲನ್ನೇ ನೋಡುತ್ತ ಕೂರುತ್ತಾನೆ. ನಿನ್ನೆ, ಒಂದು ವರ್ಷದ ಮೇಲೆ, ಬಾಯಿ ಬಿಟ್ಟ:

"ದೇವಕ್ಕ, ನಿನ್ನ ಕೋಳಿ ಬೇಲಿ ದಾಟ್ಯಾವ. ಬರಕೊಂಡೀನಿ."

ನಾನು ಹಿತ್ತಲ ಬಾಗಿಲಿಗೆ ಚಿಲಕ ಹಾಕಿದೆ. ಈಗ ಸೀರೆ ಒಣಗಿಸುವುದೂ ಮುಂಬಾಗಿಲಲ್ಲೇ.