ಬೆರಳುದ್ದದ ಹಿತ್ತಲ ಬಾಗಿಲು

ಹೋದ ವಾರ ನಾನೊಂದು ಬಾಗಿಲು ಒಡೆದೆ. ಗಾಬರಿಯಾಗಬೇಡಿ, ನನ್ನ ತೋರುಬೆರಳಿನಷ್ಟೇ ಉದ್ದದ ಬಾಗಿಲು. ಆದರೂ ಒಡೆಯುವಾಗ, ಆಚೆ ಕಡೆ ಯಾರೋ ಉಸಿರು ಹಿಡಿದು ನಿಂತಿದ್ದಾರೆ ಅನ್ನಿಸಿದ್ದು ಸುಳ್ಳಲ್ಲ.

ನನ್ನ ಹುಚ್ಚು ನಿಮಗೆ ಹೊಸದೇನಲ್ಲ. ಸ್ಕೇಲ್ ಮಾಡೆಲ್! ಕಾನ್ವೆಂಟಿನ ಕ್ರಾಫ್ಟ್ ಕ್ಲಾಸಿನಲ್ಲಿ ಹಿಡಿದ ಚಾಕುವನ್ನು ಈ ವಯಸ್ಸಿನಲ್ಲೂ ಕೆಳಗಿಟ್ಟಿಲ್ಲ. (ಸಿಸ್ಟರ್‌ಗಳು ಕಸೂತಿ ಕಲಿಸಲು ನೋಡಿದರು. ಐ ವಾಸ್ ಹೋಪ್‌ಲೆಸ್.) ಈ ಸಲ ಕಟ್ಟಿದ್ದು ಯಲಬುರ್ಗಾದಲ್ಲಿ ನಾವು ಹುಟ್ಟಿ ಬೆಳೆದ ಮಣ್ಣಿನ ಮಾಳಿಗೆ ಮನೆ. ಈಗ ಆ ಜಾಗದಲ್ಲಿ ಟೈಲ್ಸ್ ಅಂಗಡಿ ಇದೆ.

ಕಟ್ಟಿದ್ದು ಅಕ್ಕನಿಗಾಗಿ. ಸುಶೀಲಕ್ಕ ಗಂಗಾವತಿಯಲ್ಲಿ ಸೊಸೆ ರೇಖಾಳ ಜೊತೆ ಇದ್ದಾಳೆ. ನಾನೂ ಈಗ ಅಲ್ಲೇ. ಅಕ್ಕನಿಗೆ ಮರೆವು. ಡಾಕ್ಟರು ಅದಕ್ಕೆ ಉದ್ದದ ಹೆಸರೊಂದು ಹೇಳುತ್ತಾರೆ. ತಾಟಿನ ಮುಂದೆ ಕೂರಿಸಿದರೆ ಎದ್ದುಬಿಡುತ್ತಿದ್ದಳು.

"ಮನಿಗೆ ಹೋಗಿ ಉಣ್ತೀನಿ. ಅವ್ವ ಕಾಯ್ತಿರ್ತಾಳ."

"ಇದ ನಿಮ್ಮ ಮನಿ ಅಲ್ಲೇನ್ರಿ ಅತ್ತಿ?" ಅನ್ನುತ್ತಿದ್ದಳು ರೇಖಾ.

"ಹೌದೇನವಾ? ಭಾಳ ಛಲೋ ಐತಿ ಬಿಡು. ನಾ ಇನ್ನ ಬರ್ತೀನಿ."

ಮೈ ಇಳಿದು ಬಳೆಗಳು ಮೊಣಕೈಗೆ ಜಾರತೊಡಗಿದವು. ಹೀಗೇ ಉಪವಾಸ ಬಿದ್ದರೆ ಮೂಗಿಗೆ ನಳಿಕೆ ಹಾಕಿ ಉಣಿಸಬೇಕಾಗುತ್ತದೆ ಅಂದರು ಡಾಕ್ಟರು. ಅಕ್ಕನಿಗೆ ಮನೆಗೆ ಹೋಗಲಾಗದಿದ್ದರೆ ಮನೆಯೇ ಅಕ್ಕನ ಬಳಿ ಬರಲಿ. ವೈ ನಾಟ್?

ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕ. ತೊಲೆ, ಕಂಬಗಳಿಗೆ ಸಾಗವಾನಿ ಚೂರು. ಗೋಡೆಗೆ ಬೆಂಡಿನಷ್ಟು ಹಗುರಾದ ಬಾಲ್ಸಾ ಮರ, ಅದರ ಮೇಲೆ ಕೆಮ್ಮಣ್ಣಿನ ತೆಳು ಲೇಪ. ಬಾಗಿಲು, ಚೌಕಟ್ಟು ಮಾತ್ರ ಪ್ಲಾಸ್ಟಿಕ್ ಶೀಟಿನವು. ಅಷ್ಟು ತೆಳುವಾಗಿ ಕೊಯ್ದರೆ ಮರ ಸೀಳುತ್ತದೆ ಎಂಬ ಅಂಜಿಕೆ ನನಗೆ. ಸೂಜಿಯಿಂದ ಹಲಗೆಯ ಗೆರೆ ಎಳೆದು ಕಂದು ಬಣ್ಣ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ದೇವರ ಗೂಡಿನಲ್ಲಿ ಸಾಸಿವೆ ಕಾಳಿನಂಥ ಬಲ್ಬು.

ಬಲ್ಬು ಇಟ್ಟ ಮೇಲೆ ಆ ಮನೆಯಲ್ಲಿ ಯಾವಾಗಲೂ ದೀಪ ಹಚ್ಚುವ ಹೊತ್ತೇ ಅಲ್ಲವೇ? ಆ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿತ್ತಲ ಬಾಗಿಲು ಹಾಕಿರಬೇಕು. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಬಿಡಬಾರದಲ್ಲ. ಅವ್ವ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ನಾನೂ ತಪ್ಪಿಸಲಿಲ್ಲ. ಮುಂಬಾಗಿಲನ್ನು ತೆರೆದಂತೆ, ಹಿತ್ತಲ ಬಾಗಿಲನ್ನು ಮುಚ್ಚಿದಂತೆ ಪ್ಲಾಸ್ಟಿಕ್ ಸಿಮೆಂಟ್ ಹಚ್ಚಿ ಕೂರಿಸಿದೆ.

ಅಲ್ಲೇ ಎಡವಿದ್ದು. ಮರಕ್ಕೆ ಹಚ್ಚುವ ಬಿಳಿ ಗಮ್ಮು ಒದ್ದೆ ಬಟ್ಟೆ ಇಟ್ಟರೆ ಸಡಿಲಾಗುತ್ತದೆ. ಪ್ಲಾಸ್ಟಿಕ್ ಸಿಮೆಂಟ್ ಹಾಗಲ್ಲ. ಅದು ಎರಡೂ ಕಡೆಯನ್ನು ಕರಗಿಸಿ ಒಂದೇ ಮಾಡಿಬಿಡುತ್ತದೆ. ಆಮೇಲೆ ಬಾಗಿಲು ಅನ್ನುವುದೇ ಇರುವುದಿಲ್ಲ. ಬಾಗಿಲಿನಂತೆ ಕಾಣುವ ಗೋಡೆ ಇರುತ್ತದೆ, ಅಷ್ಟೆ.

ಮನೆ ಕಂಡ ಅಕ್ಕ ಹತ್ತಿರ ಸರಿದು ಕೂತಳು. ಮಾಳಿಗೆಯ ಬೆಳಕಿಂಡಿಯೊಳಗೆ ಬೆರಳು ಇಳಿಸಿ, "ಒಲಿ ಇನ್ನೂ ಬೆಚ್ಚಗೈತಿ," ಅಂದಳು. ಆಮೇಲೆ ರೊಟ್ಟಿ ಕೇಳಿ ತಿಂದಳು. ರೇಖಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಕೆಲವು ದಿನ ಸುಖ. ಆಮೇಲೊಂದು ಸಂಜೆ ಅಕ್ಕ ಮತ್ತೆ ತಾಟು ಸರಿಸಿದಳು.

"ಹಿತ್ತಲ ಬಾಗ್ಲ ತಗೀ. ಹೊರಗ ನಿಂತಾಳ."

"ಯಾರು ಅಕ್ಕಾ?"

"ಸುಶೀಲಾ."

ರೇಖಾ ನಗುತ್ತ, "ಸುಶೀಲಾ ಅಂದ್ರ ನೀವ ಅಲ್ಲೇನ್ರಿ ಅತ್ತಿ?" ಅಂದಳು.

"ನಗಬ್ಯಾಡ. ಬಾಗ್ಲಾ ಬಡದ ಬಡದ ಆಕಿ ಕೈ ನೋವಾಗ್ಯಾವ. ಆಕಿ ಉಣಲಾರದ ನಾ ಹೆಂಗ ಉಣ್ಲಿ?"

ಅಕ್ಕನ ಬಲಗೈ ಬೆರಳ ಗಂಟುಗಳು ಕೆಂಪಾಗಿದ್ದವು. (ಎಲ್ಲೋ ತಾಗಿರಬೇಕು. ವಯಸ್ಸಾದವರ ಚರ್ಮ.) ಮರುದಿನವೂ ಉಣ್ಣಲಿಲ್ಲ. ಅದರ ಮರುದಿನವೂ ಇಲ್ಲ. ನೀರನ್ನೂ ಬಾಯಿಯಿಂದ ಹೊರಗೆ ಬಿಡತೊಡಗಿದಳು. ರೇಖಾ ಆಸ್ಪತ್ರೆಗೆ ಒಯ್ಯಲು ಬ್ಯಾಗು ತುಂಬಿದಳು.

ಆಗ ಚಾಕು ಎತ್ತಿಕೊಂಡೆ. ಹಿತ್ತಲ ಬಾಗಿಲನ್ನು ಚೌಕಟ್ಟು ಸಮೇತ ಕೊಯ್ದೆ. ಪ್ಲಾಸ್ಟಿಕ್ ಚಟ್ ಅಂತ ಮುರಿಯಿತು, ಒಳಗಿಂದ ಬೆಚ್ಚಗಿನ ಗಾಳಿ ಕೈಗೆ ತಾಗಿತು. ಅಂಜುತ್ತಲೇ ಹೊಸ ಬಾಗಿಲಿಗೆ ಸಾಗವಾನಿಯ ತೆಳು ಹಲಗೆ ಕೊಯ್ದೆ. ಆಶ್ಚರ್ಯ, ಸೀಳಲಿಲ್ಲ! ಗುಂಡುಪಿನ್ನು ಚುಚ್ಚಿ ಕೀಲು ಮಾಡಿದೆ. ತಿರುಗುವ ಬಾಗಿಲು. ಅಕ್ಕನ ಮುಂದೆ ಅದನ್ನು ನೂಕಿ ತೆರೆದೆ.

ದೇವರ ಗೂಡಿನ ಬೆಳಕು ಒಮ್ಮೆ ಮರೆಯಾಗಿ ಮತ್ತೆ ಕಂಡಿತು, ಮುಂದೆ ಯಾರೋ ದಾಟಿ ಹೋದ ಹಾಗೆ. ಲೂಸ್ ಕನೆಕ್ಷನ್, ಅಂದಳು ರೇಖಾ. ಇರಬಹುದು.

"ಬಂದ್ಲು," ಅಂದಳು ಅಕ್ಕ. ಮುಖ ಅರಳಿತು. "ಕಾಲ ತೊಳ್ಕೋ ಅನ್ನು." ತಾಟು ತಾನೇ ಎಳೆದುಕೊಂಡು ತೃಪ್ತಿಯಾಗಿ ಉಂಡಳು. ಬ್ಯಾಗು ಬಿಚ್ಚಿದೆವು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ನಿನ್ನೆ ಸಂಜೆ ಊಟ ಮುಗಿಸಿದ ಅಕ್ಕ ನನ್ನನ್ನು ನೋಡಿ ಕೈ ಮುಗಿದಳು.

"ನೀವು ಯಾರ ಮನ್ಯಾವ್ರರಿ? ಹೊತ್ತ ಮುಳುಗ್ತು, ಹಿತ್ತಲ ಬಾಗ್ಲ ಹಾಕಬೇಕು. ಹೊಂಡ್ರಿ ಇನ್ನ."

"ಅಕ್ಕಾ, ನಾನು ಕಮಲು!"

"ಏ, ಚ್ಯಾಷ್ಟಿ ಮಾಡ್ತೀರೇನು?" ಅಕ್ಕ ನಕ್ಕಳು. "ಕಮಲು ಒಳಗ ಅವ್ವನ ಬಾಜೂಕ ಉಣ್ಣಾಕ ಕುಂತಾಳ್ರಿ."

ಕನ್ನಡಕ ಹಾಕಿಕೊಂಡು ಬೆಳಕಿಂಡಿಯಿಂದ ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ಇರುವುದಾದರೂ ಹೇಗೆ? ನಾನು ಗೊಂಬೆಗಳನ್ನು ಮಾಡುವುದೇ ಇಲ್ಲ, ಮುಖ ಸರಿ ಬರುವುದಿಲ್ಲ. ಅಷ್ಟರಲ್ಲಿ ಅಕ್ಕ ಕಿರುಬೆರಳಿನಿಂದ ಬಾಗಿಲನ್ನು ಮೆಲ್ಲಗೆ ನೂಕಿ ಮುಚ್ಚಿದಳು.

ಕಮಲು ಒಳಗೆ ಅವ್ವನ ಪಕ್ಕ ಉಣ್ಣಲು ಕೂತಿದ್ದರೆ, ಇಲ್ಲಿ ಕೂತು ಇದನ್ನು ಬರೆಯುತ್ತಿರುವವಳು ಯಾರು?