ಹೆಡೆ ಬಾಲ ಕೂಡಲಿಲ್ಲ

"ಸರ್ಪಸುತ್ತಿನ ಹೆಡೆ ಮತ್ತು ಬಾಲ ಸೊಂಟದ ಸುತ್ತ ಕೂಡಿದರೆ ಮನುಷ್ಯ ಉಳಿಯುವುದಿಲ್ಲ" ಎನ್ನುತ್ತಾರೆ. ಸದಾ ಪುಸ್ತಕ ಹಿಡಿದಿರುವ ನಾನು ಅದನ್ನು ಎಂದೂ ಒಪ್ಪಿದವನಲ್ಲ. ಆದರೂ ಮಿಯಾಪುರದ ನಮ್ಮ ಮನೆಯಲ್ಲಿ, ಹೆಂಡತಿಯ ಬೆನ್ನಿನಿಂದ ಹೊರಟ ಉರಿಗುಳ್ಳೆಗಳ ಸಾಲು ಹೊಕ್ಕುಳಿನತ್ತ ಬರುವುದನ್ನು ಕಂಡಾಗ ಇನ್ನೆಷ್ಟು ದೂರ ಉಳಿದಿದೆ ಎಂದು ಬೆರಳಿಟ್ಟು ಅಳೆದೆ. ಸರ್ಪದ ದಾರಿ ಕಟ್ಟಲೆಂದು ಅವಳ ಅಕ್ಕ ಹೊಕ್ಕುಳಿನ ಪಕ್ಕ ಕೆಮ್ಮಣ್ಣಿನ ಗೆರೆ ಎಳೆದಿದ್ದಳು.

ಚರ್ಮ, ನರ ಮತ್ತು ರೋಗನಿರೋಧಕ ಶಕ್ತಿಯ ಸಂಬಂಧವನ್ನು ಸಂಶೋಧಿಸುವ ಕಲಬುರಗಿಯ ವಿಜ್ಞಾನಿಯೊಬ್ಬರು ನಮ್ಮ ಮೇಲಿನ ಮನೆಯಲ್ಲಿದ್ದಾರೆ. ಅವರು ಬಂದು ನೋಡಿದರು.

"ಅಜ್ಜಾರ, ಹಿಂದ ಬಂದಿದ್ದ ಚಿಕನ್‌ಪಾಕ್ಸಿನ ವೈರಸ್ ನರದಾಗ ಮಲಗಿತ್ರಿ. ಶಕ್ತಿ ಕುಂದಿದ ಮ್ಯಾಲ ಎದ್ದೈತಿ. ಎಡಗಡಿ ನರ ಬಲಕ್ಕ ದಾಟಂಗಿಲ್ಲ. ಮಣ್ಣು ತೊಳದು ಈಗಿಂದೀಗ ದವಾಖಾನಿಗೆ ನಡೀರಿ."

ಹೆಂಡತಿ ಗೆರೆಯ ಮೇಲೆ ಅಂಗೈ ಅಡ್ಡ ಹಿಡಿದು ನನ್ನತ್ತ ತಿರುಗಿದಳು. "ಇದನ್ನ ಅಳಿಸಿ ನಾ ಸತ್ರ, ನಿಮ್ಮ ಪುಸ್ತಕ ರೊಟ್ಟಿ ಬಡೀತಾವೇನ್ರಿ?"

ಗೆರೆಯನ್ನು ನಾನೇ ತೊಳೆದೆ. ಔಷಧ ಶುರುವಾದ ಮೇಲೂ ಪ್ರತಿ ಬೆಳಿಗ್ಗೆ ಸೆರಗು ಸರಿಸಿ, ಸಾಲು ಎಲ್ಲಿಗೆ ಬಂದಿದೆ ಎಂದು ನೋಡುತ್ತಿದ್ದೆ. ಗುಳ್ಳೆಗಳು ಹೊಕ್ಕುಳನ್ನು ದಾಟಲಿಲ್ಲ.

ಕೆಮ್ಮಣ್ಣು ಕಂಡರೆ ನನ್ನ ಎದೆ ಇನ್ನೂ ಝಲ್ಲೆನ್ನುತ್ತದೆ. ಹೆಂಡತಿಯ ಮೈಮೇಲೆ ಕಲೆಗಳು ಮಾತ್ರ ಬೆನ್ನುಮೂಳೆಯಿಂದ ಹೊಕ್ಕುಳವರೆಗೆ, ಎಡಬದಿಗಷ್ಟೇ ಉಳಿದಿವೆ. ನಂಬದ ಹೆಂಗಸರು ಬಂದು ಅವಳನ್ನೇ ಕೇಳಲಿ, ತೋರಿಸುತ್ತಾಳೆ.